‘ಇನ್‌ಫ್ಲೇಮಬಲ್’ ಎಂದರೆ ಉರಿಯದ್ದಲ್ಲ

ಪೆಟ್ರೋಲ್ ಟ್ಯಾಂಕರಿನ ಹಿಂಬದಿಯಲ್ಲಿ, ಥಿನ್ನರ್ ಡಬ್ಬಿಯ ಮೇಲೆ, ಕೆಲವು ಕೀಟನಾಶಕಗಳ ಚೀಟಿಯಲ್ಲಿ ‘ಇನ್‌ಫ್ಲೇಮಬಲ್’ ಎಂಬ ಇಂಗ್ಲಿಷ್ ಪದ ಕಾಣಸಿಗುತ್ತದೆ. ‘ಇನ್‌ಕರೆಕ್ಟ್’ ಎಂದರೆ ಸರಿಯಲ್ಲದ್ದು, ‘ಇನ್‌ವಿಸಿಬಲ್’ ಎಂದರೆ ಕಾಣದ್ದು ಎಂದು ಶಾಲೆಯಲ್ಲಿ ಕಲಿತ ವಿದ್ಯಾರ್ಥಿಯು ಇದನ್ನು ‘ಬೆಂಕಿ ಹಿಡಿಯದ್ದು’ ಎಂದು ಅರ್ಥೈಸಿದರೆ ಅದು ಅವನ ದಡ್ಡತನವಲ್ಲ. ಆದರೆ ಪದದ ನಿಜವಾದ ಅರ್ಥ ಅದಕ್ಕೆ ತೀರ ವಿರುದ್ಧ: ಸುಲಭವಾಗಿ ಹೊತ್ತಿಕೊಳ್ಳುವಂಥದ್ದು.

ಈ ಪದದ ಮೂಲ ಲ್ಯಾಟಿನ್. ಅಲ್ಲಿನ ‘ಇನ್’ ಎಂಬುದಕ್ಕೆ ‘ಇಲ್ಲ’ ಎಂಬ ಅರ್ಥವಲ್ಲದೆ ‘ಒಳಗೆ’ ಎಂಬ ಅರ್ಥವೂ ಉಂಟು; ‘ಇನ್‌ಫ್ಲಮ್ಮಾರೆ’ ಎಂದರೆ ಉರಿಸುವುದು. ಕನ್ನಡಿಗರಿಗೆ ಇದು ಅಪರಿಚಿತ ಸಂಗತಿಯೇನಲ್ಲ. ‘ವಿಫಲ’ ಎಂಬಲ್ಲಿ ‘ವಿ’ ಇಲ್ಲದಿರುವುದನ್ನು ಸೂಚಿಸಿದರೆ, ‘ವಿಜ್ಞಾನ’ ಎಂಬಲ್ಲಿ ವಿಶೇಷವಾದುದನ್ನು ಸೂಚಿಸುತ್ತದೆ. ಆದರೆ ‘ವಿ’ಯನ್ನು ತಪ್ಪಾಗಿ ಓದಿದರೆ ಕಳೆಯುವುದು ಒಂದು ಅಂಕ, ಇಲ್ಲಿ ಹೋಗುವುದು ಜೀವ.

ಈ ಗೊಂದಲವನ್ನು ಮನಗಂಡೇ ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘವು 1920ರ ದಶಕದಲ್ಲಿ ‘ಫ್ಲೇಮಬಲ್’ ಎಂಬ ರೂಪವನ್ನು ಬಳಸುವಂತೆ ಒತ್ತಾಯಿಸಿತು. ಎರಡರ ಅರ್ಥವೂ ಒಂದೇ. ಉರಿಯದ ವಸ್ತುವಿಗೆ ‘ನಾನ್‌ಫ್ಲೇಮಬಲ್’ ಎನ್ನುತ್ತಾರೆ. ವಿಶ್ವಸಂಸ್ಥೆಯು 2003ರಲ್ಲಿ ಪ್ರಕಟಿಸಿದ ರಾಸಾಯನಿಕ ಚೀಟಿಗಳ ಜಾಗತಿಕ ಪದ್ಧತಿಯೂ ‘ಫ್ಲೇಮಬಲ್’ ಎಂಬುದನ್ನೇ ಸ್ವೀಕರಿಸಿತು. ಭಾರತದ ರಸ್ತೆಗಳಲ್ಲಿ ಮಾತ್ರ ಹಳೆಯ ಪದ ಇನ್ನೂ ಓಡಾಡುತ್ತಿದೆ.

ಪದದ ಹಿಂದಿರುವ ವಿಜ್ಞಾನವೂ ತಿಳಿದಿರಬೇಕು. ಮೊದಲು ಹೊತ್ತಿಕೊಳ್ಳುವುದು ದ್ರವವಲ್ಲ, ಅದರಿಂದೇಳುವ ಆವಿ. ಪೆಟ್ರೋಲು ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿಯೂ ಕಿಡಿ ತಾಗಿದರೆ ಹೊತ್ತುವಷ್ಟು ಆವಿಯನ್ನು ಬಿಡುತ್ತದೆ. ಹಲವು ಕೀಟನಾಶಕಗಳಲ್ಲಿ ದ್ರಾವಕವಾಗಿ ಬಳಕೆಯಾಗುವ ಕ್ಸೈಲೀನಿಗೆ ಮಲೆನಾಡಿನ ಬೇಸಿಗೆಯ ಶಾಖವೇ ಸಾಕು. ಈ ಆವಿಗಳು ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತವೆ; ಮಾರು ದೂರದ ಒಲೆಯನ್ನೂ ಹುಡುಕಿಕೊಂಡು ಹೋಗಬಲ್ಲವು. ಬರಿದಾದ ಕ್ಯಾನಿನಲ್ಲಿಯೂ ಆವಿ ಉಳಿದಿರುತ್ತದೆ. ಅಗ್ನಿವಿಮಾ ಕಂಪನಿಯೊಂದರಲ್ಲಿ ದುಡಿಯುತ್ತಿದ್ದ ಭಾಷಾವಿಜ್ಞಾನಿ ಬೆಂಜಮಿನ್ ಲೀ ವೋರ್ಫ್ ಇದನ್ನೇ ಗಮನಿಸಿದ್ದರು: ‘ಖಾಲಿ’ ಎಂಬ ಮಾತನ್ನು ನಂಬಿ ಜನರು ಪೆಟ್ರೋಲ್ ಪೀಪಾಯಿಗಳ ಬಳಿ ಧೂಮಪಾನ ಮಾಡುತ್ತಿದ್ದರು.

ಕೀಟನಾಶಕ ಡಬ್ಬಿಯ ಬಣ್ಣದ ಗುರುತು ವಿಷದ ತೀವ್ರತೆಯನ್ನಷ್ಟೇ ಹೇಳುತ್ತದೆ, ಬೆಂಕಿಯ ಭಯವನ್ನಲ್ಲ. ಹಸಿರು ಗುರುತಿನ ಡಬ್ಬಿಯೂ ಹೊತ್ತಿಕೊಳ್ಳಬಹುದು. ಚೀಟಿಯಲ್ಲಿ ಪ್ರಾದೇಶಿಕ ಭಾಷೆಯೂ ಇರಬೇಕೆಂದು 1971ರ ಕೀಟನಾಶಕ ನಿಯಮಗಳು ವಿಧಿಸಿವೆ. ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ‘ದಹನಶೀಲ’ ಎಂದು ಅಚ್ಚಿಸಿದರೆ ಔಷಧಿ ಹೊಡೆಯುವ ಕೂಲಿಯಾಳಿಗೆ ದಕ್ಕುವುದೇನು? ‘ಬೇಗ ಬೆಂಕಿ ಹಿಡಿಯುತ್ತದೆ, ಒಲೆ-ಬೀಡಿಯಿಂದ ದೂರವಿಡಿ’ ಎಂದು ದಪ್ಪಕ್ಷರದಲ್ಲಿ ಬರೆಯಲು ಯಾವ ಪಾಂಡಿತ್ಯವೂ ಬೇಕಿಲ್ಲ. ಸಹಕಾರ ಸಂಘಗಳು ಮಾರುವ ಡಬ್ಬಿಗಳ ಮೇಲೆ ಇಂತಹ ಚೀಟಿಯನ್ನು ತಾವೇ ಹೆಚ್ಚುವರಿಯಾಗಿ ಅಂಟಿಸಬಹುದು. ಶಾಲೆಗಳು ಈ ಒಂದು ಪದವನ್ನು ವ್ಯಾಕರಣದ ಜೊತೆಗೆ ಸುರಕ್ಷತೆಯ ಪಾಠವಾಗಿಯೂ ಕಲಿಸಬಹುದು. ಎಚ್ಚರಿಕೆಯ ಮಾತು ಅಪಾಯಕ್ಕೆ ಒಡ್ಡಿಕೊಂಡವನಿಗೇ ಅರ್ಥವಾಗದಿದ್ದರೆ ಅದು ಎಚ್ಚರಿಕೆಯೇ ಅಲ್ಲ.