ದೂರುವವರೇ ತೀರ್ಪು ಕೊಡುವ ಕಾಡು

ಕಾನೂನು ರಚಿಸುವುದು ಶಾಸಕಾಂಗದ ಕೆಲಸ, ಜಾರಿಗೊಳಿಸುವುದು ಕಾರ್ಯಾಂಗದ ಕೆಲಸ, ತಂಟೆ ಬಂದಾಗ ತೀರ್ಮಾನಿಸುವುದು ನ್ಯಾಯಾಂಗದ ಕೆಲಸ ಎಂಬ ಪಾಠವನ್ನು ಮಲೆನಾಡಿನ ಶಾಲೆಗಳ ಮಕ್ಕಳೂ ಬಾಯಿಪಾಠ ಮಾಡಿರುತ್ತಾರೆ. ಆ ಪಾಠದ ಉದಾಹರಣೆಗಳೆಲ್ಲ ದೆಹಲಿಯವು. ಅದೇ ಮಕ್ಕಳ ಮನೆಗೆ ಅರಣ್ಯ ಒತ್ತುವರಿಯ ನೋಟೀಸು ಬಂದಾಗ ಈ ಮೂರು ಅಂಗಗಳು ಎಲ್ಲಿರುತ್ತವೆ ಎಂಬುದನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ.

ಕರ್ನಾಟಕ ಅರಣ್ಯ ಕಾಯ್ದೆ, 1963ರ 64-ಎ ಕಲಮನ್ನು ಘಟ್ಟದ ಕೃಷಿಕರು ನಂಬರಿನಿಂದಲೇ ಬಲ್ಲರು. ಅದರ ಅಡಿಯಲ್ಲಿ ನಡೆಯುವ ವ್ಯವಹಾರ ಹೀಗಿದೆ. ಜಾಗ ಅರಣ್ಯದ್ದೆಂದು ಹೇಳುವವರು ಇಲಾಖೆಯವರು. ಒತ್ತುವರಿಯಾಗಿದೆಯೆಂದು ಪ್ರಕರಣ ದಾಖಲಿಸುವವರೂ ಅವರೇ. ಅಹವಾಲು ಕೇಳಿ ತೆರವಿನ ಆದೇಶ ಬರೆಯುವವರು ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿಗಿಂತ ಕೆಳಗಿನವರಲ್ಲದ ಅದೇ ಇಲಾಖೆಯ ಅಧಿಕಾರಿ. ಆದೇಶ ತಪ್ಪೆನಿಸಿದರೆ ಮೇಲ್ಮನವಿ ಹೋಗುವುದೂ ಇಲಾಖೆಯ ಮೇಲಧಿಕಾರಿಯ ಮೇಜಿಗೆ. ಅಲ್ಲಿಂದಾಚೆಗೆ ಉಳಿಯುವುದು ಹೈಕೋರ್ಟಿನ ರಿಟ್ ಅರ್ಜಿ. ಅರ್ಧ ಎಕರೆ ಅಡಕೆ ತೋಟದವನಿಗೆ ಅದು ಎಷ್ಟು ದೂರದ ದಾರಿಯೆಂದು ವಿವರಿಸಬೇಕಾಗಿಲ್ಲ.

ಇದೇ ಕಾಯ್ದೆಯ 71-ಎ ಕಲಮನ್ನು ಪಕ್ಕದಲ್ಲಿಟ್ಟು ಓದಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಕದ್ದ ಮರ ಸಾಗಿಸಿದ ವಾಹನವನ್ನೋ ದನಗಳನ್ನೋ ಅರಣ್ಯಾಧಿಕಾರಿ ಮುಟ್ಟುಗೋಲು ಹಾಕಿಕೊಂಡರೆ ಅದರ ವಿರುದ್ಧ ಮೇಲ್ಮನವಿ ಸೆಷನ್ಸ್ ನ್ಯಾಯಾಧೀಶರ ಮುಂದೆ ಹೋಗುತ್ತದೆ. ಅಂದರೆ ಎತ್ತಿನ ಗಾಡಿಗೆ ನ್ಯಾಯಾಲಯದ ಬಾಗಿಲು ತೆರೆದಿದೆ; ಮನೆಗೆ, ತೋಟಕ್ಕೆ, ಸೊಪ್ಪಿನ ಬೆಟ್ಟದಂಚಿನ ಗದ್ದೆಗೆ ತೆರೆದಿರುವುದು ಇಲಾಖೆಯ ಬಾಗಿಲು ಮಾತ್ರ.

ಮೂರೂ ಅಧಿಕಾರಗಳು ಒಂದೇ ಕೈಯಲ್ಲಿ ಸೇರಿದಲ್ಲಿ ಪ್ರಜೆಯ ಸ್ವಾತಂತ್ರ್ಯ ಉಳಿಯದು ಎಂದು ಫ್ರಾನ್ಸಿನ ಮಾಂಟೆಸ್ಕ್ಯೂ 1748ರಲ್ಲಿಯೇ ವಾದಿಸಿದ್ದ. ಭಾರತದ ಸಂವಿಧಾನ ಅವನ ಸೂತ್ರವನ್ನು ಕಟ್ಟುನಿಟ್ಟಾಗಿ ಅನುಸರಿಸಿಲ್ಲ. ಇಲ್ಲಿ ಮಂತ್ರಿಗಳು ಶಾಸಕಾಂಗದ ಸದಸ್ಯರೂ ಹೌದು. ಆದರೆ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂದು 50ನೆಯ ಅನುಚ್ಛೇದ ರಾಜ್ಯಕ್ಕೆ ಸ್ಪಷ್ಟವಾಗಿ ಸೂಚಿಸಿದೆ. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು ಕೇರಳದ ಭೂಸುಧಾರಣೆಯ ವಿರುದ್ಧ ಹೂಡಿದ ದಾವೆಯಿಂದ ಹುಟ್ಟಿದ 1973ರ ಕೇಶವಾನಂದ ಭಾರತಿ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರು ಅಧಿಕಾರಗಳ ಪ್ರತ್ಯೇಕತೆಯನ್ನು ಸಂವಿಧಾನದ ಮೂಲರಚನೆಯ ಲಕ್ಷಣಗಳಲ್ಲಿ ಒಂದೆಂದು ಎಣಿಸಿದರು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆ ನ್ಯಾಯಿಕ ದಂಡಾಧಿಕಾರಿಗಳನ್ನು ಹೈಕೋರ್ಟಿನ ಅಧೀನಕ್ಕೆ ಒಪ್ಪಿಸಿತು. ತಾಲ್ಲೂಕು ಕಚೇರಿಯ ಫಲಕದ ಮೇಲೆ ಇಂದಿಗೂ 'ತಹಸೀಲ್ದಾರರು ಹಾಗೂ ತಾಲ್ಲೂಕು ದಂಡಾಧಿಕಾರಿಗಳು' ಎಂದಿರುವುದು ಹಳೆಯ ವ್ಯವಸ್ಥೆಯ ನೆರಳು. ಊರಿನಲ್ಲಿ ನೆರಳಷ್ಟೇ ಉಳಿದಿದೆ. ಕಾಡಿನಲ್ಲಿ ಆ ಮರವೇ ನಿಂತಿದೆ.

ವಸಾಹತು ಆಡಳಿತಕ್ಕೂ ಈ ವಿಷಯದಲ್ಲಿ ಸ್ವಲ್ಪ ಸಂಕೋಚವಿದ್ದಿತು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕಾಡನ್ನು ಮೀಸಲೆಂದು ಘೋಷಿಸುವ ಮುನ್ನ ಜನರ ಹಕ್ಕುಗಳನ್ನು ವಿಚಾರಿಸುವ ಅರಣ್ಯ ವ್ಯವಸ್ಥಾಪನಾಧಿಕಾರಿಯು ಸಾಮಾನ್ಯವಾಗಿ ಅರಣ್ಯ ಇಲಾಖೆಯ ಬೇರಾವ ಹುದ್ದೆಯನ್ನೂ ಹೊಂದಿರಬಾರದೆಂದು 1927ರ ಭಾರತೀಯ ಅರಣ್ಯ ಕಾಯ್ದೆಯ 4ನೆಯ ಕಲಂ ಹೇಳುತ್ತದೆ. ದಿಮ್ಮಿಗಾಗಿ ಕಾಡನ್ನು ಕಬಳಿಸಿದ ಸರ್ಕಾರವೂ ಕಾಗದದ ಮೇಲಾದರೂ ಮೂರನೆಯವನೊಬ್ಬನನ್ನು ಕೂರಿಸಿತ್ತು.

ಹಾಗಾದರೆ ಎಲ್ಲವನ್ನೂ ನ್ಯಾಯಾಲಯಕ್ಕೆ ಒಪ್ಪಿಸಿದರೆ ಸರಿಹೋದೀತೆ? ಪರಿಸರ ಚಳವಳಿಯ ಬಹುಪಾಲು ಜನ ಹಾಗೆಯೇ ನಂಬಿದ್ದರು. ನಂಬಲು ಕಾರಣವೂ ಇತ್ತು. ಕುದುರೆಮುಖದ ಗಣಿ ಗುತ್ತಿಗೆ 1999ರಲ್ಲಿ ಮುಗಿದ ಮೇಲೂ ಸರ್ಕಾರಗಳು ತಾತ್ಕಾಲಿಕ ಅನುಮತಿಗಳಲ್ಲಿ ದಿನ ದೂಡುತ್ತಿದ್ದಾಗ, 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನಿಂದಲೇ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಭದ್ರೆಯ ನೀರಿಗೆ ಅದು ದೊಡ್ಡ ಉಪಕಾರ. ಆದರೆ ಅದೇ ನ್ಯಾಯಾಲಯ ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು 'ಅರಣ್ಯ' ಪದಕ್ಕೆ ನಿಘಂಟಿನ ಅರ್ಥವನ್ನೇ ಹಿಡಿಯಬೇಕೆಂದಿತು. ಮುಂದೆ 2002ರಲ್ಲಿ ಕೇಂದ್ರ ಉನ್ನತಾಧಿಕಾರ ಸಮಿತಿಯನ್ನು ರಚಿಸಿಕೊಂಡು ದೇಶದ ಕಾಡಿನ ದೈನಂದಿನ ಆಡಳಿತಕ್ಕೂ ಕೈಹಾಕಿತು.

ಕರ್ನಾಟಕದಲ್ಲಿ ಅದರ ಒಂದು ಫಲವೇ ಪರಿಭಾವಿತ ಅರಣ್ಯ, ಜನರ ಬಾಯಲ್ಲಿ ಡೀಮ್ಡ್ ಫಾರೆಸ್ಟ್. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಲ್ಲಿ ಈ ಪದವಿಲ್ಲ. ತಜ್ಞರ ಸಮಿತಿಯ ಪಟ್ಟಿಯಲ್ಲಿ ಅದು ಸುಮಾರು 9.94 ಲಕ್ಷ ಹೆಕ್ಟೇರ್ ಆಗಿತ್ತು. 2022ರ ಸರ್ಕಾರಿ ಆದೇಶದಲ್ಲಿ ಸುಮಾರು 3.30 ಲಕ್ಷ ಹೆಕ್ಟೇರಿಗೆ ಇಳಿಯಿತು. ಹಿಗ್ಗಿಸಿದಾಗ ಕುಮ್ಕಿ, ಕಾನು, ಗೋಮಾಳಗಳ ಮೇಲೆ ನೆರಳು ಬಿತ್ತು. ಕುಗ್ಗಿಸಿದಾಗ ನಿಜವಾದ ಕಾಡೂ ಪಟ್ಟಿಯಿಂದ ಜಾರಿಹೋಗುವ ದಾರಿ ತೆರೆಯಿತು. ಶಾಸಕಾಂಗ ಬರೆಯದ ಪದಕ್ಕೆ ನ್ಯಾಯಾಲಯ ಅರ್ಥ ಕೊಟ್ಟು, ಕಾರ್ಯಾಂಗ ಅಳತೆ ಹಾಕಿದರೆ, ಆ ಅಳತೆಯನ್ನು ಯಾರಲ್ಲಿ ಪ್ರಶ್ನಿಸಬೇಕು?

ಆ ಉನ್ನತಾಧಿಕಾರ ಸಮಿತಿಯ ಗತಿಯನ್ನೂ ನೋಡಬೇಕು. ಕಾರ್ಯಾಂಗದ ಮೇಲೆ ಕಣ್ಣಿಡಲು ಹುಟ್ಟಿದ ಸಮಿತಿಯನ್ನು 2023ರ ಸೆಪ್ಟೆಂಬರಿನಲ್ಲಿ ಪರಿಸರ ಸಚಿವಾಲಯವೇ ಅಧಿಸೂಚನೆಯ ಮೂಲಕ ಶಾಶ್ವತಗೊಳಿಸಿತು. ಸದಸ್ಯರ ನೇಮಕ ಕೇಂದ್ರ ಸರ್ಕಾರದ್ದಾಯಿತು. ಸಮಿತಿಯ ಶಿಫಾರಸನ್ನು ಸರ್ಕಾರಗಳು ಒಪ್ಪದಿದ್ದಲ್ಲಿ ಕಾರಣ ಬರೆಯಬೇಕು, ಆದರೆ ಕೊನೆಯ ಮಾತು ಕೇಂದ್ರ ಸರ್ಕಾರದ್ದೇ ಎಂದಾಯಿತು. ನ್ಯಾಯಾಂಗವು ಕಾರ್ಯಾಂಗದ ಕೆಲಸವನ್ನು ಕೈಗೆತ್ತಿಕೊಂಡರೆ ಅದು ಒಂದಲ್ಲ ಒಂದು ದಿನ ಕಾರ್ಯಾಂಗಕ್ಕೇ ಮರಳುತ್ತದೆ, ಈ ಬಾರಿ ನ್ಯಾಯಾಲಯದ ಮುದ್ರೆಯೊಂದಿಗೆ.

ಶಾಸಕಾಂಗವೂ ನಿರ್ದೋಷಿಯಲ್ಲ. ಯೋಜನೆಗಳ ಪರಿಸರ ಪರಿಣಾಮ ಅಂದಾಜಿಗೆ ಆಧಾರವಾಗಿರುವ 2006ರ ನಿಯಮಾವಳಿ ಸಂಸತ್ತಿನಲ್ಲಿ ಮತಕ್ಕೆ ಬಂದ ಕಾನೂನಲ್ಲ. 1986ರ ಪರಿಸರ ಕಾಯ್ದೆ ಕೊಟ್ಟ ಅಧಿಕಾರದಿಂದ ಸಚಿವಾಲಯ ಹೊರಡಿಸಿದ ಅಧಿಸೂಚನೆ. ಬರೆಯುವವರೂ ಸಡಿಲಿಸುವವರೂ ಒಬ್ಬರೇ. ಅದನ್ನು ಬದಲಿಸುವ 2020ರ ಕರಡು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಬಂತು. ಕನ್ನಡ ಓದುವವರ ಅಭಿಪ್ರಾಯ ಕೇಳಿದಂತಾಗಲಿಲ್ಲವೆಂಬ ದೂರು ಕರ್ನಾಟಕ ಹೈಕೋರ್ಟಿಗೆ ಹೋದಾಗ, ಆ ವರ್ಷದ ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆಗೆ ಮಧ್ಯಂತರ ತಡೆ ದೊರೆಯಿತು. ನ್ಯಾಯಾಲಯಕ್ಕೆ ಒಪ್ಪುವ ಕೆಲಸವೆಂದರೆ ಇದು. ನಿಯಮವನ್ನು ತಾನೇ ಬರೆಯದೆ, ಬರೆಯುವವರು ಜನರನ್ನು ಕೇಳಿದರೋ ಇಲ್ಲವೋ ಎಂದು ನೋಡುವುದು.

ಒಡಿಶಾದ ನಿಯಮಗಿರಿ ಇನ್ನೂ ಒಳ್ಳೆಯ ಮಾದರಿ. ಬಾಕ್ಸೈಟ್ ಗಣಿ ಬೇಕೇ ಬೇಡವೇ ಎಂಬುದನ್ನು 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ತಾನು ತೀರ್ಮಾನಿಸಲಿಲ್ಲ. ಸಂಸತ್ತು 2006ರಲ್ಲಿ ರಚಿಸಿದ ಅರಣ್ಯ ಹಕ್ಕು ಕಾಯ್ದೆಯಂತೆ ಗ್ರಾಮಸಭೆಗಳು ಮೊದಲು ಹೇಳಲಿ ಎಂದಿತು; ಸಭೆಗಳ ಮೇಲೆ ಒತ್ತಡ ಬೀಳದಂತೆ ಜಿಲ್ಲಾ ನ್ಯಾಯಾಧೀಶರ ದರ್ಜೆಯವರೊಬ್ಬರು ವೀಕ್ಷಕರಾಗಿರಬೇಕೆಂದಿತು. ಡೊಂಗ್ರಿಯಾ ಕೊಂಡರೂ ಅವರ ನೆರೆಯವರೂ ಸೇರಿದ ಹನ್ನೆರಡು ಗ್ರಾಮಸಭೆಗಳೂ ಬೇಡವೆಂದವು. 2014ರ ಜನವರಿಯಲ್ಲಿ ಸಚಿವಾಲಯ ಅನುಮತಿ ನಿರಾಕರಿಸಿತು. ಮೂರು ಅಂಗಗಳೂ ತಂತಮ್ಮ ಕೆಲಸವನ್ನಷ್ಟೇ ಮಾಡಿದ್ದರಿಂದ ಬೆಟ್ಟ ಉಳಿಯಿತು.

ಮಲೆನಾಡಿನಲ್ಲಿ ಅದೇ ಕಾಯ್ದೆಯ ಕಥೆ ಬೇರೆ. ಅರ್ಜಿಯ ವಿಚಾರಣೆ ಪೂರ್ಣಗೊಳ್ಳುವವರೆಗೆ ಅರ್ಹ ಅರಣ್ಯವಾಸಿಯನ್ನು ಒಕ್ಕಲೆಬ್ಬಿಸುವಂತಿಲ್ಲ ಎನ್ನುತ್ತದೆ ಅದರ 4(5)ನೆಯ ಕಲಂ. ತೀರ್ಮಾನವನ್ನು ಅರಣ್ಯ ಇಲಾಖೆಯೊಂದಕ್ಕೇ ಬಿಡದೆ ಗ್ರಾಮಸಭೆ, ಉಪವಿಭಾಗ ಸಮಿತಿ, ಜಿಲ್ಲಾ ಸಮಿತಿಗಳಿಗೆ ಹಂಚಿದೆ. ಆದರೆ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು ಎಪ್ಪತ್ತೈದು ವರ್ಷಗಳ ವಾಸಕ್ಕೆ ಪುರಾವೆ ತರಬೇಕಾಗಿರುವುದರಿಂದ ಅರ್ಜಿಗಳು ಅಲ್ಲಿಯೇ ಮುಗ್ಗರಿಸುತ್ತವೆ. ತಿರಸ್ಕೃತವಾದ ಮೇಲೆ 64-ಎ ಕಾದಿರುತ್ತದೆ.

ಇಲಾಖೆಯ ಕೈ ಕಟ್ಟಿದರೆ ನೂರಾರು ಎಕರೆ ನುಂಗಿದ ಬಲಾಢ್ಯರು ಬಚಾವಾಗುತ್ತಾರೆ ಎಂದು ಕಾಡಿನ ಹಿತೈಷಿಗಳು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ, ಒತ್ತುವರಿ ಕಟ್ಟುಕತೆಯಲ್ಲ. ಆದರೆ ಬಲಾಢ್ಯನಿಗೆ ಈಗಲೂ ಹೈಕೋರ್ಟ್ ಹತ್ತಿರವೇ ಇದೆ. ದೂರಿದವರೇ ಬರೆದ ಆದೇಶವನ್ನು ಅವನ ವಕೀಲರು ಅಲ್ಲಾಡಿಸುವಷ್ಟು ಸುಲಭವಾಗಿ ನಿಷ್ಪಕ್ಷಪಾತಿ ನ್ಯಾಯಾಧೀಶರ ಆದೇಶವನ್ನು ಅಲ್ಲಾಡಿಸಲಾಗದು. ಇಲಾಖೆಯ ಪ್ರಾಮಾಣಿಕ ವನಪಾಲಕನಿಗೂ ಇದರಿಂದ ಲಾಭವೇ. ಈಗ ಊರಿನ ಸಿಟ್ಟನ್ನೆಲ್ಲ ಅವನೊಬ್ಬನೇ ಹೊರಬೇಕಾಗಿದೆ.

ಮುಂದಿನ ಗ್ರಾಮಸಭೆಗಳಲ್ಲಿ ಮಲೆನಾಡಿನ ಊರುಗಳು ತಮ್ಮ ಶಾಸಕರನ್ನು ಕೇಳಬೇಕಾದ್ದು ದೊಡ್ಡದೇನಲ್ಲ. 64-ಎ ಕಲಮಿನ ಆದೇಶದ ಮೇಲ್ಮನವಿಯೂ ಮುಟ್ಟುಗೋಲಿನ ಮೇಲ್ಮನವಿಯಂತೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗುವಂತೆ ತಿದ್ದುಪಡಿಯಾಗಬೇಕು. ಹಕ್ಕಿನ ಅರ್ಜಿ ಇತ್ಯರ್ಥವಾಗುವವರೆಗೆ ತೆರವಿನ ಕಡತ ತೆರೆಯಕೂಡದೆಂದು ಅದರಲ್ಲಿಯೇ ಬರೆಯಬೇಕು. ಇದಕ್ಕೆ ದೆಹಲಿಗೆ ಹೋಗಬೇಕಾಗಿಲ್ಲ. ಕಾಯ್ದೆ ರಾಜ್ಯದ್ದು, ಅದನ್ನು ತಿದ್ದುವವರು ಐದು ವರ್ಷಕ್ಕೊಮ್ಮೆ ಮನೆಯಂಗಳಕ್ಕೇ ಬರುತ್ತಾರೆ.