ಚಕ್ರದ ಮೇಲಣ ಮನೆಗೆ ಮಳೆಗಾಲದ ಪರೀಕ್ಷೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಇನ್ನೊಬ್ಬರು ಕಟ್ಟಿ, ಬಳಸಿ, ಮಾರಾಟಕ್ಕಿಟ್ಟ ಮನೆಗೆ ನಾಲ್ಕು ಚಕ್ರಗಳೂ ಇದ್ದರೆ ಅದನ್ನು ಹೇಗೆ ನೋಡಬೇಕೆಂಬುದನ್ನು ಅವರು ಹೇಳಿ ಹೋಗಲಿಲ್ಲ. ಕೇರಳ ಸರಕಾರವು 2021ರಲ್ಲಿ ‘ಕೇರವಾನ್ ಕೇರಳ’ ಯೋಜನೆಯನ್ನು ಪ್ರಕಟಿಸಿದ ಬಳಿಕ ಇಂತಹ ಗಾಡಿಗಳ ಮಾತು ಸಾಮಾನ್ಯರ ಕಿವಿಗೂ ಬಿದ್ದಿದೆ. ಹೊಸದರ ಬೆಲೆ ಮಧ್ಯಮ ವರ್ಗದ ಸಂಸಾರಕ್ಕೆ ಎಟುಕುವಂಥದ್ದಲ್ಲ. ಎಟುಕುವುದು ಆಸನಗಳನ್ನು ಕಿತ್ತು ಮಂಚ, ಒಲೆ, ನೀರಿನ ಟ್ಯಾಂಕುಗಳನ್ನು ಜೋಡಿಸಿದ ಹಳೆಯ ಮೆಟಡಾರ್ ಅಥವಾ ಟೆಂಪೋ ಟ್ರಾವೆಲರ್.

ಪನಮರಂನ ಸಂಸಾರವೊಂದು, ಮಕ್ಕಳ ಮಧ್ಯಬೇಸಗೆಯ ರಜೆಯನ್ನು ನೆನೆದು, ಅಂತಹ ಗಾಡಿಯನ್ನು ಕೊಳ್ಳಹೊರಟಿತು ಎನ್ನೋಣ. ಏಪ್ರಿಲಿನ ಬಿಸಿಲಿನಲ್ಲಿ ಹೊಸ ಬಣ್ಣ ಹೊಳೆಯುತ್ತದೆ. ಕಿಟಕಿಯ ಪರದೆ, ಮಡಚುವ ಮೇಜು ಕಂಡು ಮಕ್ಕಳು ಕುಣಿಯುತ್ತಾರೆ. ಮಾರುವವನಿಗೆ ಅದುವೇ ಸುಗ್ಗಿ. ಕೊಳ್ಳುವವನ ಕಾಲವಾದರೋ ಕರ್ಕಾಟಕ. ವಯನಾಡಿನ ಮಳೆಗೆ ಯಾವ ಮಾರಾಟಗಾರನ ಹಂಗೂ ಇಲ್ಲ. ಒಂದು ರಾತ್ರಿ ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸುವಂತೆ ಕೇಳಿ, ಮುಂಜಾನೆ ಹಾಸಿಗೆಯ ಅಡಿಗೆ ಕೈಯಿಟ್ಟು ನೋಡಬೇಕು. ಮಳೆಯಿಲ್ಲದಿದ್ದರೆ ತೋಟಕ್ಕೆ ನೀರು ಹಾಯಿಸುವ ಪೈಪಿನಿಂದ ಅರ್ಧ ಗಂಟೆ ಮಾಡನ್ನು ತೋಯಿಸಿದರೂ ಸಾಕು.

ಇಂತಹ ಗಾಡಿಗೆ ಮೊದಲ ಶತ್ರು ಎಂಜಿನ್ನಿನ ಸವೆತವಲ್ಲ, ಮಾಡಿನ ಸೋರಿಕೆ. ಗಾಳಿಕಿಂಡಿಗಾಗಿ ಕೊರೆದ ತೂತು, ಲಗೇಜ್ ಕ್ಯಾರಿಯರಿನ ಬೋಲ್ಟುಗಳು, ಕಿಟಕಿಯ ರಬ್ಬರು — ಇವುಗಳ ಎಡೆಯಲ್ಲಿ ಇಳಿದ ನೀರು ಪ್ಲೈವುಡ್ಡಿನ ಹಿಂದೆ ವರ್ಷಗಟ್ಟಲೆ ನಿಲ್ಲುತ್ತದೆ. ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿದಾಗ ಹಲಗೆ ಒಳಸರಿದರೆ ಅದು ಕೊಳೆತಿದೆ. ಕಪಾಟುಗಳನ್ನು ಒಂದು ಗಂಟೆ ಮುಚ್ಚಿಟ್ಟು ತೆರೆದು ಮೂಸಿದರೆ ಬೂಷ್ಟಿನ ವಾಸನೆ ಸತ್ಯವನ್ನು ನುಡಿಯುತ್ತದೆ. ಈ ಕೆಲಸಕ್ಕೆ ಮಕ್ಕಳ ಮೂಗು ಹಿರಿಯರದಕ್ಕಿಂತ ಮೇಲು.

ನೆರೆಯ ನೀರಿನಲ್ಲಿ ಮುಳುಗಿದ ಗಾಡಿಯ ವಿಚಾರ ಬೇರೆ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ವಯನಾಡು ಕಂಡ ನೆರೆಯನ್ನು ಪನಮರಂ ಹೊಳೆಯ ದಡದವರಿಗೆ ವಿವರಿಸಬೇಕಾಗಿಲ್ಲ. ತೊಳೆದು ಒರಸಿದರೂ ಕೆಸರು ಎಲ್ಲಾದರೂ ಉಳಿದಿರುತ್ತದೆ: ಆಸನದ ಹಳಿಗಳ ಸಂದು, ಹೆಡ್‌ಲೈಟಿನ ಒಳಬದಿ, ನೆಲಹಾಸಿನ ಅಡಿ, ಡ್ಯಾಶ್‌ಬೋರ್ಡಿನ ಕೆಳಗಣ ಸ್ಕ್ರೂಗಳು. ವಯರುಗಳ ತುದಿಯಲ್ಲಿ ಹಸುರು ಕಿಲುಬು ಕಂಡರೆ ಎಷ್ಟು ಅಗ್ಗವಾದರೂ ಮರಳುವುದೇ ಲೇಸು.

ಇನ್ನು ಗಾಡಿಯ ಅಡಿಗೆ. ಚಾಪೆ ಹಾಸಿ, ಟಾರ್ಚು ಹಿಡಿದು, ಅಂಗಾತ ಮಲಗದೆ ಹಳೆಯ ಗಾಡಿಯನ್ನು ಕೊಂಡವನು ಕೊಂಡದ್ದು ಬಣ್ಣವನ್ನು ಮಾತ್ರ. ಸ್ಪ್ರಿಂಗ್ ಪಟ್ಟಿಗಳು ಚಾಸಿಗೆ ಸೇರುವಲ್ಲಿ, ಬಾಗಿಲಿನ ಕೆಳ ಅಂಚಿನಲ್ಲಿ, ಚಕ್ರದ ಕಮಾನುಗಳಲ್ಲಿ ತುಕ್ಕು ಮೊದಲು ಹಿಡಿಯುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಗಟ್ಟಿ ಕಬ್ಬಿಣ ಕಣ್ಣೆನ್ನುತ್ತದೆ, ತಿಂದುಹೋದದ್ದು ಮಂದವಾಗಿ ಸದ್ದು ಮಾಡುತ್ತದೆ. ಹೊರಮೈಗೆ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಹಿಡಿದರೆ ಪುಟ್ಟಿ ತುಂಬಿದಲ್ಲಿ ಅದು ಅಂಟದು. ನಿನ್ನೆಯಷ್ಟೇ ಬಳಿದ ಕಪ್ಪು ಬಣ್ಣವು ಚಾಸಿಯ ಮೇಲಿದ್ದರೆ, ಅದರ ಅಡಿಯಲ್ಲಿ ಏನಿದೆ ಎಂದು ಕೇಳುವುದು ಅಮರ್ಯಾದೆಯಲ್ಲ.

ಎಂಜಿನ್ನನ್ನು ತಣ್ಣಗಿರುವಾಗಲೇ ಚಾಲೂ ಮಾಡಬೇಕು. ಕೊಳ್ಳುವವರು ಬರುವ ಮುನ್ನವೇ ಬಿಸಿಮಾಡಿಟ್ಟ ಎಂಜಿನ್ನು ಏನನ್ನೋ ಮರೆಮಾಚುತ್ತಿರಬಹುದು. ನೀಲಿ ಹೊಗೆ ಆಯಿಲ್ ಉರಿಯುವುದರ ಗುರುತು. ಆಯಿಲ್ ಮುಚ್ಚಳದಡಿ ಹಾಲಿನಂತಹ ನೊರೆ ಕಂಡರೆ ಒಳಗೆ ನೀರು ಸೇರಿರುವ ಶಂಕೆ.

ಜೀವದ ಪ್ರಶ್ನೆ ಇರುವುದು ಬ್ರೇಕಿನಲ್ಲಿ. ನೂರು ಲೀಟರು ನೀರೆಂದರೆ ನೂರು ಕಿಲೋ ಭಾರ. ಮಂಚ, ಕಪಾಟು, ಸಿಲಿಂಡರು, ಸಂಸಾರ ಬೇರೆ. ಇಷ್ಟನ್ನು ಹೊತ್ತು ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವುಗಳನ್ನು ಇಳಿಯಬೇಕಾದದ್ದು ಹಳೆಯ ಬ್ರೇಕುಗಳು. ನಿಂತ ಗಾಡಿಯಲ್ಲಿ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿದಾಗ ಅದು ಮೆಲ್ಲಮೆಲ್ಲನೆ ಕೆಳಗಿಳಿದರೆ ಆ ಗಾಡಿಯನ್ನು ಘಾಟಿಗೆ ಒಯ್ಯಬಾರದು. ಟ್ಯಾಂಕು ತುಂಬಿಸಿ, ಮನೆಮಂದಿಯಷ್ಟು ಭಾರ ಹೇರಿ, ಸಮತಟ್ಟಾದ ರಸ್ತೆಯಲ್ಲಿ ಪರೀಕ್ಷಿಸಿದ ಬಳಿಕವಷ್ಟೇ ಇಳಿಜಾರಿನ ಮಾತು. ಟಯರಿನ ಹಲ್ಲು ಸವೆಯದಿದ್ದರೂ ಪ್ರಾಯ ಸಂದಿರಬಹುದು. ಬದಿಯಲ್ಲಿ ಅಚ್ಚಾದ ನಾಲ್ಕು ಅಂಕೆಗಳನ್ನು ಮಕ್ಕಳಿಂದ ಓದಿಸಬಹುದು: 2319 ಎಂದರೆ 2019ರ 23ನೆಯ ವಾರ.

ಒಳಗೆ ಮಲಗುವವರಿಗಾಗಿ ಇನ್ನೊಂದು ಮಾತು. ಅಡುಗೆ ಅನಿಲವು ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಸಿಲಿಂಡರಿನ ಗೂಡಿಗೆ ತಳದಲ್ಲಿ ಹೊರಕ್ಕೆ ಕಿಂಡಿಯಿಲ್ಲದಿದ್ದರೆ ಆ ಮನೆಯಲ್ಲಿ ಮಕ್ಕಳನ್ನು ಮಲಗಿಸಲಾಗದು.

ಕಾಗದಪತ್ರಗಳಲ್ಲಿ ಮೋಸಹೋಗುವವರೇ ಹೆಚ್ಚು. ಆರ್.ಸಿ.ಯಲ್ಲಿರುವ ಚಾಸಿ ಸಂಖ್ಯೆಯನ್ನು ಕಬ್ಬಿಣದ ಮೇಲಣ ಸಂಖ್ಯೆಯೊಡನೆ ಕಣ್ಣಾರೆ ಹೋಲಿಸಬೇಕು. ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯು ಅನುಮತಿಯಿಲ್ಲದ ಮಾರ್ಪಾಡನ್ನು ಒಪ್ಪುವುದಿಲ್ಲ. ಮಿನಿಬಸ್ಸೆಂದು ದಾಖಲಾದ ಗಾಡಿಯೊಳಗೆ ಅಡುಗೆಮನೆ ಇದ್ದರೆ ದಂಡ ತೆರುವವನು ಹೊಸ ಒಡೆಯ. ‘ವಿಂಟೇಜ್ ಗಾಡಿ’ ಎಂಬ ಹೊಗಳಿಕೆಗೂ ಬೆಲೆ ಹೆಚ್ಚಿಸಬೇಕಾಗಿಲ್ಲ. 2021ರ ಕೇಂದ್ರ ನಿಯಮದಂತೆ ಆ ಹೆಸರು 50 ವರ್ಷ ದಾಟಿದ, ಚಾಸಿ, ಎಂಜಿನ್, ಹೊರಮೈಗಳು ಗಣನೀಯವಾಗಿ ಬದಲಾಗದ ಖಾಸಗಿ ವಾಹನಕ್ಕೆ ಮಾತ್ರ ಸಲ್ಲುತ್ತದೆ. ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂತಹ ಕೆಲಸಗಳಿಗಷ್ಟೇ ರಸ್ತೆಗಿಳಿಸಬಹುದು. ರಜೆಯ ತಿರುಗಾಟ ಅದರಲ್ಲಿ ಸೇರಿಲ್ಲ.

ಮೈಸೂರಿನ ಕಡೆಯ ಗಾಡಿಯಾದರೆ ಕರ್ನಾಟಕದ ಆರ್.ಟಿ.ಓ. ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಕೇರಳದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇರಿಸುವುದಾದರೆ ಇಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು. ಆ ಪತ್ರ ಕೈಸೇರುವ ತನಕ ಹಣದ ಒಂದು ಪಾಲನ್ನು ತಡೆದಿರಿಸುವುದಾಗಿ ಮೊದಲ ದಿನವೇ ಬರೆಸಿಕೊಂಡರೆ, ಮಾರುವವನೇ ಕಚೇರಿಗೆ ನಡೆದಾಡುತ್ತಾನೆ.