ಬೋನಾಳದ ಕೆರೆಯೂ ಭಾನುವಾರದ ಪಕ್ಷಿಪ್ರಿಯರೂ

ಮಾಘಮಾಸವು ಬಂದಿತೆಂದರೆ ಕಕ್ಕೇರಾ, ಸುರಪುರ, ಶಹಾಪುರಗಳ ಸುಶಿಕ್ಷಿತ ಮನೆತನಗಳಲ್ಲಿ ಶನಿವಾರ ಸಂಜೆ ದುರ್ಬೀನುಗಳನ್ನು ಒರೆಸುವ ಕೆಲಸವು ಪ್ರಾರಂಭವಾಗುತ್ತದೆ. ಮರುದಿನ ನಸುಕಿನಲ್ಲಿ ಬೋನಾಳದ ಕೆರೆಯ ಏರಿಯ ಮೇಲೆ ಮೋಟಾರುಗಳು ಸಾಲುಗಟ್ಟುತ್ತವೆ. ಈ ಪರಿಪಾಠವು ಕೆಟ್ಟದ್ದೆಂದು ಯಾರೂ ಹೇಳಲಾರರು. ಭಾನುವಾರವನ್ನು ಇಸ್ಪೀಟಿನಲ್ಲಿ ಕಳೆಯುವುದಕ್ಕಿಂತ ನೀರಹಕ್ಕಿಗಳನ್ನು ನೋಡುತ್ತ ಕಳೆಯುವುದು ನೂರು ಪಾಲು ಮೇಲು. ಆಕ್ಷೇಪವಿರುವುದು ನೋಡುವುದರ ಮೇಲಲ್ಲ. ನೋಡಿ ಹಿಂದಿರುಗಿದವರು ಆಡುವ ಮಾತಿನ ಮೇಲೆ. ಬೋನಾಳವು ಪ್ರಕೃತಿಯ ವರಪ್ರಸಾದವಂತೆ. ಅದನ್ನು ಕೆಡಿಸುತ್ತಿರುವವರು ಸುತ್ತಲಿನ ಹಳ್ಳಿಗರಂತೆ. ದನಗಾಹಿಗಳನ್ನೂ ಮೀನುಗಾರರನ್ನೂ ಆಚೆಗಟ್ಟಿ ತಂತಿಬೇಲಿ ಹಾಕಿಸಿದರೆ ಪಕ್ಷಿಗಳು ಸುಖವಾಗಿರುವುವಂತೆ!

ಬೋನಾಳವು ತಾನಾಗಿ ಹುಟ್ಟಿದ ಸರೋವರವೇ ಅಲ್ಲ. ಅದು ಸುರಪುರದ ನಾಯಕ ಅರಸರ ಕಾಲದ ಕೆರೆ; ಸಂಸ್ಥಾನದ ಆಡಳಿತವನ್ನು 1841ರಿಂದ ಕೆಲವು ವರ್ಷ ನೋಡಿಕೊಂಡಿದ್ದ ಮೆಡೋಸ್ ಟೇಲರನು ಅದನ್ನು ಸರಿಪಡಿಸಿದನು. ಪಕ್ಷಿಗಳಿಗಾಗಿ ಯಾರೂ ಅಲ್ಲಿ ಒಂದು ಬುಟ್ಟಿ ಮಣ್ಣನ್ನೂ ಹೊತ್ತಿಲ್ಲ, ಹೊತ್ತದ್ದು ಬೆಳೆಗಾಗಿ. ರಂಗನತಿಟ್ಟಿನ ಕಥೆಯೂ ಇದೇ. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟೆ ಹಾಕಿಸಿದ್ದರಿಂದಲೇ ಆ ನಡುಗಡ್ಡೆಗಳು ಮೂಡಿದವು. ಸಾಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಅದು ಪಕ್ಷಿಧಾಮವಾದದ್ದು ಅನಂತರ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಗದಗ ಜಿಲ್ಲೆಯ ಮಾಗಡಿಯೂ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಊರವರ ಕೆರೆಗಳೇ. ಹೀಗಿರಲು, ಕೆರೆಯನ್ನು ಕಟ್ಟಿ ಉಳಿಸಿದವನ ಮೊಮ್ಮಗನನ್ನು ಅತಿಕ್ರಮಿಯೆಂದು ಕರೆಯುವುದು ಯಾವ ನ್ಯಾಯ?

ಇನ್ನು ಬೋನಾಳಕ್ಕೆ ಕೀರ್ತಿ ತಂದಿರುವ ಪಟ್ಟೆತಲೆಯ ಹೆಬ್ಬಾತಿನ ಸಂಗತಿ. ಟಿಬೆಟ್, ಮಂಗೋಲಿಯ, ಲಡಾಖುಗಳ ಎತ್ತರದ ಸರೋವರಗಳ ಬಳಿ ಮರಿಮಾಡುವ ಈ ಪಕ್ಷಿಯು ಹಿಮಾಲಯವನ್ನು ದಾಟಿ ಚಳಿಗಾಲಕ್ಕೆ ದಕ್ಷಿಣಕ್ಕಿಳಿಯುತ್ತದೆ. ದಾಟುವಾಗ ಅದು 7000 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಹಾರಿರುವುದನ್ನು ಯಂತ್ರಗಳಿಂದ ಅಳೆದು ನೋಡಿದ್ದಾರೆ. ಇಷ್ಟನ್ನು ಪಕ್ಷಿಪ್ರಿಯರೆಲ್ಲರೂ ಬಲ್ಲರು, ಮಕ್ಕಳಿಗೆ ವರ್ಣಿಸಿಯೂ ಹೇಳುವರು. ಆದರೆ ಅದು ಇಲ್ಲಿ ಉಣ್ಣುವುದೇನೆಂದು ಕೇಳಿದರೆ ಹೆಚ್ಚಿನವರು ಕೆರೆಯ ಕಡೆಗೇ ಕೈ ತೋರಿಸುವರು. ಹೆಬ್ಬಾತು ಹಗಲು ನೀರಿನ ಮೇಲೆ ವಿಶ್ರಮಿಸುತ್ತದೆ. ಹೊತ್ತು ಮುಳುಗಿದ ಮೇಲೆ ಹಿಂಡುಗಟ್ಟಿ ಹೊಲಗಳಿಗಿಳಿದು ಎಳೆಯ ಪೈರನ್ನೂ ಉದುರಿದ ಕಾಳನ್ನೂ ಮೇಯುತ್ತದೆ. ಭಾನುವಾರದ ಪ್ರೇಕ್ಷಕರು ಕಾಣುವುದು ಉಂಡು ಮಲಗಿದ ಅತಿಥಿಯನ್ನು. ಉಣಬಡಿಸಿದವನ ಮನೆ ಅವರ ದುರ್ಬೀನಿಗೆ ಬೀಳುವುದಿಲ್ಲ. ರಾತ್ರಿಯಲ್ಲಿ ತಗಡು ಬಡಿದು ಕಡಲೆಯನ್ನೋ ಶೇಂಗಾವನ್ನೋ ಕಾಯುವ ರೈತನನ್ನು ಇವರು ಪಕ್ಷಿದ್ರೋಹಿಯೆನ್ನುವರು. ಇವರ ಸ್ವಂತ ಕಣಜದಲ್ಲಿ ಒಂದು ಇಲಿ ಹೊಕ್ಕರೆ ಮನೆಯೆಲ್ಲ ಎದ್ದು ಕೂಡುತ್ತದೆ!

ಪಕ್ಷಿದ್ರೋಹವೆಂಬುದು ಇದ್ದರೆ ಅದು ಬೇರೆ ಕಡೆ ಇದೆ. ಫಾಲ್ಗುಣ ಸಮೀಪಿಸಿದಂತೆ ಹೆಬ್ಬಾತುಗಳು ಮರುಪ್ರಯಾಣಕ್ಕಾಗಿ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುತ್ತವೆ. ಸರಿಯಾಗಿ ಆ ವಾರಗಳಲ್ಲಿಯೇ, ಹಾರುವ ಹಿಂಡಿನ ಚಿತ್ರ ಬೇಕೆಂದು, ಚಪ್ಪಾಳೆ ತಟ್ಟಿ, ಕಲ್ಲೆಸೆದು, ಈಚೆಗೆ ಡ್ರೋನ್ ಹಾರಿಸಿ ಅವನ್ನು ಎಬ್ಬಿಸುವವರುಂಟು. ಒಂದು ಹಿಂಡನ್ನು ಒಂದು ಬೆಳಗಿನಲ್ಲಿ ನಾಲ್ಕು ಸಲ ಎಬ್ಬಿಸಿದರೆ ಅಷ್ಟು ಮೇವು ವ್ಯರ್ಥವಾಯಿತು. ಆ ಕೊರತೆಯನ್ನು ತುಂಬಿಸಬೇಕಾದದ್ದು ಮತ್ತೆ ಅದೇ ರೈತನ ಹೊಲ. ಎಮ್ಮೆಯನ್ನು ನೀರಿಗಿಳಿಸುವ ಹುಡುಗನಿಗೆ ಹಕ್ಕಿಯು ಅಷ್ಟಾಗಿ ಬೆದರುವುದಿಲ್ಲ. ಅವನು ದಿನವೂ ಬರುವವನು, ಅದರ ಕಡೆಗೆ ನೋಡುವವನೂ ಅಲ್ಲ.

ಪ್ರವಾಸಿಗಳಿಂದ ಹಳ್ಳಿಗೆ ಲಾಭವುಂಟೆಂದು ಕೆಲವರು ವಾದಿಸುವರು. ಬುತ್ತಿಯನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗುವವರು ಏರಿಯ ಕೆಳಗೆ ಒಂದು ಕಪ್ಪು ಚಹಾ ಕುಡಿದದ್ದನ್ನು ಲಾಭವೆಂದು ಎಣಿಸುವುದಾದರೆ ವಾದವನ್ನು ಅಲ್ಲಿಗೇ ಬಿಡಬಹುದು. ಮದ್ದೂರಿನ ಹತ್ತಿರದ ಕೊಕ್ಕರೆಬೆಳ್ಳೂರಿನಲ್ಲಿ ಹೀಗಾಗಲಿಲ್ಲ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಊರ ನಡುವಿನ ಮರಗಳಲ್ಲಿ. ಊರವರು ಅವನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುವರು, ಹಿಕ್ಕೆಯನ್ನು ಗೊಬ್ಬರಕ್ಕೆ ಬಳಸುವರು. ಗೂಡುಗಳಿಂದ ಹುಣಿಸೆಯ ಫಸಲು ಕೆಟ್ಟರೆ ಮರದ ಒಡೆಯನಿಗೆ ಅರಣ್ಯ ಇಲಾಖೆಯು ಪರಿಹಾರ ಕೊಡುವ ಏರ್ಪಾಡೂ ಆಯಿತು. 2007ರಲ್ಲಿ ಆ ಊರು ಸಮುದಾಯ ಮೀಸಲು ಎನಿಸಿದಾಗ ಯಾರನ್ನೂ ಬೇಲಿಯಾಚೆಗೆ ಅಟ್ಟಬೇಕಾಗಲಿಲ್ಲ.

ಹುಣಿಸೆಗೆ ಸಂದದ್ದು ಕಡಲೆಗೇಕೆ ಸಲ್ಲಬಾರದು? ಬೋನಾಳದ ಸುತ್ತಲಿನ ಹೊಲಗಳಲ್ಲಿ ಹೆಬ್ಬಾತು ಮೇಯ್ದ ಬೆಳೆಗೆ ಬೆಲೆ ಕಟ್ಟಿ ಕೊಡಬೇಕು. ಹಿಂಡನ್ನು ಎಬ್ಬಿಸುವವನಿಂದ ದಂಡ ಕೀಳಬೇಕು. ಕಾಯುವ ಕೆಲಸಕ್ಕೆ ಅದೇ ಊರಿನ ಹುಡುಗರನ್ನು ಸಂಬಳ ಕೊಟ್ಟು ನೇಮಿಸಬೇಕು. ಬೇಲಿಗೆ ಹಾಕಬೇಕೆನ್ನುವ ಹಣ ಇದಕ್ಕಾಗಲಿ. ಮುಂದಿನ ಮಾಘದೊಳಗೆ ಇಂಥದೊಂದು ಅರ್ಜಿಯು ಯಾದಗಿರಿಯ ಕಚೇರಿಯನ್ನು ಮುಟ್ಟಬೇಕು. ಬರೆದುಕೊಡಲು ಕಕ್ಕೇರಾದಲ್ಲಿ ಅಕ್ಷರ ಬಲ್ಲವರ ಕೊರತೆಯೇನೂ ಇಲ್ಲ.